ಗೇಟು ದಾಟದ ತರಗೆಲೆ

ಗೇಟಿನ ಚಿಲಕ ಎತ್ತಿ ಒಳಗೆ ಬನ್ನಿ. ಇನ್ನೂ ಆರು ಹೊಡೆದಿಲ್ಲ. ಯುಗಾದಿ ಹತ್ತಿರ ಬಂದಿದೆ. ಸಿಕಂದರಾಬಾದಿನ ಸೈನಿಕ್‌ಪುರಿಯಲ್ಲಿ ಬೇವು ಹಗಲು ರಾತ್ರಿ ಎನ್ನದೆ ಉದುರುವ ವಾರಗಳಿವು. ನಿನ್ನೆ ಸಂಜೆಯಷ್ಟೇ ಗುಡಿಸಿದ್ದೆವು ಎಂದರೆ ನೀವು ನಂಬಲಿಕ್ಕಿಲ್ಲ. ಗೇಟಿನಿಂದ ಮೆಟ್ಟಿಲವರೆಗೆ ನೆಲವೇ ಕಾಣುವುದಿಲ್ಲ. ತಳದಲ್ಲಿ ಹೊಂಗೆಯ ಅಗಲ ಎಲೆ, ಅದರ ಮೇಲೆ ಬೇವಿನ ಹಳದಿ, ನಡುನಡುವೆ ಬಾದಾಮಿ ಮರದ ಕಡುಗೆಂಪು. ಕಾಲಿಟ್ಟಲ್ಲೆಲ್ಲ ಚರಚರ ಸದ್ದು. ಚಪ್ಪಲಿ ಬಿಡಬೇಡಿ, ಒಣ ಎಲೆಯಡಿ ಚೇಳು ಇರುತ್ತದೆ.

ನಿವೃತ್ತ ಸೈನಿಕರಿಗಾಗಿ ಎದ್ದ ಕಾಲೊನಿ ಇದು. ಸೈಟುಗಳು ದೊಡ್ಡವು, ಹಳೆಯ ಮನೆಗಳು ಚಿಕ್ಕವು, ಉಳಿದ ಜಾಗವೆಲ್ಲ ಮರಗಳದ್ದು. ಈಗೀಗ ಒಂದೊಂದೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುತ್ತಿವೆ. ಆದರೂ ಇಂಥ ಕಾಂಪೌಂಡುಗಳು ಇನ್ನೂ ಉಳಿದಿವೆ. ನಮ್ಮದರಲ್ಲಿ ಮುಂದೆ ಬೇವು, ರಸ್ತೆಯ ಬದಿಗೆ ಹೊಂಗೆ, ಬಾವಿಯ ಹತ್ತಿರ ಮಾವು, ಉತ್ತರದ ಗೋಡೆಗುಂಟ ಗಾಳಿಮರದ ಸಾಲು. ಅಷ್ಟೂ ಮರಗಳು ಸೇರಿ ಈ ತಿಂಗಳು ಕೆಳಗಿಳಿಸುವ ಎಲೆಯನ್ನು ಏನು ಮಾಡಬೇಕು ಎನ್ನುವುದೇ ಇವತ್ತಿನ ಕೆಲಸ. ನನ್ನ ಮಟ್ಟಿಗೆ ಉತ್ತರ ಒಂದೇ: ಒಂದು ಎಲೆಯೂ ಈ ಗೇಟು ದಾಟಿ ಹೊರಗೆ ಹೋಗಬಾರದು.

ಅಗೋ, ಅಂಗಳ ಗುಡಿಸುವ ಅವ್ವ ಆಗಲೇ ಬಂದಾಗಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಂಗಿನಕಡ್ಡಿಯ ಬಾರಿಗೆಯ ಬುಡವನ್ನು ಅಂಗೈಗೆ ಕುಟ್ಟಿ ಸಮ ಮಾಡಿಕೊಳ್ಳುತ್ತಿದ್ದಾಳೆ. ಗುರುಮಠಕಲ್ ಕಡೆಯವಳು. ಯಾದಗಿರಿ, ನಾರಾಯಣಪೇಟೆ ಸೀಮೆಯಿಂದ ಹೈದರಾಬಾದಿಗೆ ದುಡಿಯಲು ಬಂದ ಸಾವಿರಾರು ಜನರಲ್ಲಿ ಒಬ್ಬಳು. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ, ನನ್ನ ಹತ್ತಿರ ತನ್ನೂರಿನ ಕನ್ನಡ.

“ಬೇವಿನ ಗಿಡ ಬರಿದಾಗೋತನ ಬಿಡಂಗಿಲ್ಲ ನೋಡ್ರಿ ಅಕ್ಕೋರೆ. ಇವತ್ತ ದಾರಿಯಷ್ಟ ತಗೀತೀನಿ. ಗಿಡದ ಬುಡಕ ಕೈ ಹಚ್ಚಂಗಿಲ್ಲ.”

ಅವಳು ಹೇಳಿದ್ದರಲ್ಲೇ ಅರ್ಧ ಕೆಲಸ ಮುಗಿಯಿತು. ಎಲೆ ಬಿದ್ದ ಜಾಗವನ್ನೆಲ್ಲ ಗುಡಿಸಬೇಕಾಗಿಲ್ಲ. ಓಡಾಡುವ ದಾರಿ, ಮೆಟ್ಟಿಲು, ಮೋರಿ, ತಾರಸಿ, ಮನೆಯ ಗೋಡೆಗೆ ತಾಗಿದ ಒಂದು ಮೊಳದ ಪಟ್ಟಿ, ಇಷ್ಟು ಕಡೆ ಎಲೆ ಇರಬಾರದು. ದಾರಿಯಲ್ಲಿ ಜಾರುತ್ತದೆ, ಮೋರಿಯಲ್ಲಿ ಕಟ್ಟಿಕೊಳ್ಳುತ್ತದೆ, ಗೋಡೆಯ ಪಕ್ಕ ಕೂತರೆ ಗೆದ್ದಲು ಅದರ ಮರೆಯಲ್ಲೇ ಬಾಗಿಲ ಚೌಕಟ್ಟಿಗೆ ಹತ್ತುತ್ತದೆ. ಮರದ ನೆರಳು ಬೀಳುವಷ್ಟು ಅಗಲದ ನೆಲದಲ್ಲಿ ಬಿದ್ದದ್ದು ಬಿದ್ದಲ್ಲೇ ಇರಲಿ. ಬೋಳು ಅಂಗಳ ಕಂಡರೆ ಮನೆ ಚೊಕ್ಕಟ ಎನಿಸುವುದು ನಮಗೆಲ್ಲ ರೂಢಿ. ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕುವಷ್ಟು ಜಾಗಕ್ಕೆ ಆ ರೂಢಿ ಸರಿ. ಮರದ ಬುಡಕ್ಕೂ ಅದನ್ನೇ ಹೇರಿದರೆ ಮರ ಉಪವಾಸ ಬೀಳುತ್ತದೆ.

ಯಾಕೆ ಎಂದು ನೋಡಬೇಕಿದ್ದರೆ ಇಲ್ಲಿ ಬಾವಿಕಟ್ಟೆಯ ಪಕ್ಕ ಕೂತುಕೊಳ್ಳಿ. ನಲ್ಲಿ ಪೈಪು ಹಾಕಲು ಅಗೆದ ಗುಂಡಿ ಇನ್ನೂ ಮುಚ್ಚಿಲ್ಲ. ಮೇಲಿನ ನಾಲ್ಕು ಬೆರಳು ಕಪ್ಪಗಿದೆ. ಅದರ ಕೆಳಗೆ ಕೆಂಪು ಗರಸು, ಸಣ್ಣ ಸಣ್ಣ ಬೆಣಚುಕಲ್ಲು ಮಿಂಚುತ್ತವೆ. ಇನ್ನೊಂದು ಮೊಳ ಇಳಿದರೆ ಸಲಿಕೆ ಠಣ್ ಎನ್ನುತ್ತದೆ, ಬಂಡೆ. ಹೈದರಾಬಾದು ನಿಂತಿರುವುದೇ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಮೇಲೆ. ಅದು ಸವೆದು ಆದ ಮಣ್ಣನ್ನು ತೆಲಂಗಾಣದ ರೈತರು ಚಲ್ಕ ಎನ್ನುತ್ತಾರೆ. ನೀರು ಹಾಕಿದರೆ ಸರ್ರನೆ ಇಳಿದುಹೋಗುತ್ತದೆ, ಹಿಡಿದಿಡುವ ಜೀವಾಂಶ ಅದರಲ್ಲಿ ಕಡಿಮೆ. ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಆ ನಾಲ್ಕು ಬೆರಳ ಕಪ್ಪು ಪದರವನ್ನು ಯಾರೂ ಲಾರಿಯಲ್ಲಿ ತಂದು ಸುರಿದಿಲ್ಲ. ಬೇವು, ಹೊಂಗೆ ವರ್ಷವರ್ಷವೂ ಉದುರಿಸಿ, ಯಾರೋ ಗುಡಿಸದೆ ಬಿಟ್ಟಿದ್ದರಿಂದ ಆದದ್ದು. ಒಂದು ಚಿಟಿಕೆ ತೆಗೆದು ಮೂಸಿ ನೋಡಿ. ಮೊದಲ ಮಳೆಯ ವಾಸನೆ ಬರುತ್ತದೆ.

ನಾನು ಶಿರಸಿ ಸೀಮೆಯವಳು. ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ತೋಟದ ಜೊತೆ, ಸೊಪ್ಪು ತರಗೆಲೆ ತರಲು ಸೊಪ್ಪಿನ ಬೆಟ್ಟದ ಹಕ್ಕೂ ಇದೆ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ. ಬೇಸಿಗೆಯಲ್ಲಿ ಅಲ್ಲಿ ಹೆಂಗಸರು ಗಂಡಸರೆಲ್ಲ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋಗುತ್ತಾರೆ. ದೊಡ್ಡ ದೊಡ್ಡ ಹೊರೆ ತಲೆಯ ಮೇಲೆ ಬರುತ್ತದೆ, ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗುತ್ತದೆ, ಸಗಣಿ ಗಂಜಳ ಕುಡಿದು ಗೊಬ್ಬರದ ಗುಂಡಿಗೆ ಹೋಗುತ್ತದೆ, ಅಲ್ಲಿಂದ ಅಡಿಕೆಮರದ ಬುಡಕ್ಕೆ. ಒಂದು ಹೊರೆ ಒಣ ಎಲೆಗಾಗಿ ಗುಡ್ಡ ಹತ್ತಿಳಿಯುವ ಊರಿನಿಂದ ಬಂದವರಿಗೆ, ಇಲ್ಲಿ ಬೆಳಿಗ್ಗೆ ಏಳಕ್ಕೆ ಅದೇ ಎಲೆಗೆ ಬೆಂಕಿ ಹಚ್ಚುವುದನ್ನು ನೋಡುತ್ತ ಕೂರುವುದು ಸುಲಭವಲ್ಲ.

ಹೊಗೆಯ ಮಾತಿಗೆ ಆಮೇಲೆ ಬರೋಣ. ಮೊದಲು ಹಿತ್ತಲಿಗೆ ನಡೆಯಿರಿ.

ಹಿತ್ತಲಿನ ಮೂಲೆಯಲ್ಲಿ ಕೋಳಿಬಲೆಯ ತಂತಿಯಿಂದ ಕಟ್ಟಿದ ಗೂಡುಗಳಿವೆ, ಎದೆಮಟ್ಟದವು. ಒಂದರಲ್ಲಿ ಹೋದ ವರ್ಷದ್ದು ತಣ್ಣಗಾಗಿ ಕೂತಿದೆ. ಇನ್ನೊಂದು ಈ ತಿಂಗಳದ್ದು. ಅವ್ವ ಬುಟ್ಟಿ ತಂದು ಸುರಿಯುತ್ತಾಳೆ, ಒಂದು ಗೇಣು ಎಲೆ. ಅದರ ಮೇಲೆ ಹತ್ತಿರದ ತಬೇಲಾದ ಎಮ್ಮೆ ಸಗಣಿಯನ್ನು ನೀರಲ್ಲಿ ಕದಡಿ ಚೆಲ್ಲುತ್ತಾಳೆ. ಅಡುಗೆಮನೆಯ ತರಕಾರಿ ಸಿಪ್ಪೆ, ಒಂದು ಬೊಗಸೆ ಹಳೆಯ ಗೊಬ್ಬರ. ಮತ್ತೆ ಗೇಣು ಎಲೆ. ಇದರ ಹಿಂದಿನ ಲೆಕ್ಕ ಸರಳ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಸಿಕ್ಕರೆ ಕೆಲಸ ಚುರುಕು. ಒಣ ಎಲೆಯಲ್ಲಿ ಇಂಗಾಲ ಅದಕ್ಕಿಂತ ತೀರ ಹೆಚ್ಚು, ಸಗಣಿಯಲ್ಲಿ ಕಡಿಮೆ. ಎರಡನ್ನೂ ಕೂಡಿಸಿದರೆ ಹದ ಸಿಗುತ್ತದೆ. ಬರಿ ಎಲೆ ಒಟ್ಟಿದರೂ ಗೊಬ್ಬರವಾಗುತ್ತದೆ, ವರ್ಷ ಕಾಯಬೇಕು ಅಷ್ಟೆ.

ಈ ಸಲಾಕೆ ಹಿಡಿಯಿರಿ. ಗುಡ್ಡೆಯ ನಡುವಿಗೆ ಚುಚ್ಚಿದ್ದೇವೆ, ನಿಧಾನ ಎಳೆಯಿರಿ. ತುದಿ ಮುಟ್ಟಿ. ಹೆಚ್ಚು ಹೊತ್ತು ಹಿಡಿಯಲಾಗುವುದಿಲ್ಲ, ಅಲ್ಲವೇ? ಒಳಗೆ 60 ಡಿಗ್ರಿ ಹತ್ತಿರ ಇರುತ್ತದೆ. ಆ ಬಿಸಿಗೆ ಕಳೆಯ ಬೀಜ ಸಾಯುತ್ತದೆ, ನೊಣದ ಮರಿ ಸಾಯುತ್ತದೆ. ಅವ್ವ ಸಲಿಕೆಯಿಂದ ಮೇಲಿನ ಪದರ ಸರಿಸುತ್ತಿದ್ದಂತೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಏಳುತ್ತದೆ. ಈ ಬಿಸಿ ಉಳಿಯಬೇಕಾದರೆ ಗುಡ್ಡೆ ಮೂರು ಅಡಿ ಅಗಲ, ಮೂರು ಅಡಿ ಎತ್ತರವಾದರೂ ಇರಬೇಕು. ಚಿಕ್ಕದಾದರೆ ಹೊರಗಿನ ಗಾಳಿ ಬಿಸಿಯನ್ನು ಕೊಂಡೊಯ್ಯುತ್ತದೆ.

ಹೈದರಾಬಾದಿನ ಬೇಸಿಗೆಯಲ್ಲಿ ಗುಡ್ಡೆಗೆ ಇರುವ ಅಪಾಯ ಕೊಳೆಯುವುದಲ್ಲ, ಒಣಗುವುದು. ಇಲ್ಲಿಯ ಬಿಸಿಗಾಳಿ ತಂತಿಬಲೆಯ ನಾಲ್ಕೂ ಕಡೆಯಿಂದ ನೀರು ಹೀರುತ್ತದೆ. ಅದಕ್ಕೇ ಸುತ್ತ ಗೋಣಿಚೀಲ ಕಟ್ಟಿದ್ದೇವೆ, ನೆರಳಿಗೆ ಮಾವಿನಡಿ ಜಾಗ ಮಾಡಿದ್ದೇವೆ. ಒಂದು ಹಿಡಿ ಒಳಗಿನಿಂದ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸಾಕು. ಧಾರೆ ಬಂದರೆ ನೀರು ಹೆಚ್ಚಾಯಿತು, ಪುಡಿಯಾಗಿ ಉದುರಿದರೆ ಕಡಿಮೆಯಾಯಿತು. ನಿಮ್ಮ ಕೈಯಲ್ಲಿರುವ ಆ ಹಿಡಿಯನ್ನು ಬೆಳಕಿಗೆ ತನ್ನಿ. ಬೇವಿನ ಎಲೆಯ ಅಂಚಿನ ಗರಗಸ ಇನ್ನೂ ಗುರುತಾಗುತ್ತದೆ. ಹೊಂಗೆಯ ಎಲೆಯಲ್ಲಿ ನರಗಳ ಜಾಲವಷ್ಟೇ ಉಳಿದು ಆಚೆಯ ಬೆಳಕು ಕಾಣುತ್ತದೆ. ಅದರ ಮೇಲೆಲ್ಲ ಬಿಳಿಯ ನೂಲು ಹಬ್ಬಿದೆ, ಶಿಲೀಂಧ್ರ. ಬ್ಯಾಕ್ಟೀರಿಯಾ ಮುಟ್ಟಲು ಹಿಂಜರಿಯುವ ಗಟ್ಟಿ ನಾರನ್ನು ಬಿಡಿಸುವುದು ಮುಖ್ಯವಾಗಿ ಅದೇ.

ಈಗ ಉತ್ತರದ ಗೋಡೆ. ಇಲ್ಲಿ ಸದ್ದೇ ಬೇರೆ, ಗಮನಿಸಿ. ಚರಚರ ನಿಂತುಹೋಯಿತು. ಕಾಲಡಿ ಮೆತ್ತಗೆ, ಒಂದಿಷ್ಟು ಜಾರು. ಮೇಲೆ ಗಾಳಿಮರ ಸುಯ್ ಎನ್ನುತ್ತಿದೆ. ಕೆಳಗೆ ಕಂದು ಬಣ್ಣದ ಸೂಜಿಗಳ ಹಾಸು, ನಡುವೆ ಮುಳ್ಳುಮುಳ್ಳಾದ ಪುಟ್ಟ ಕಾಯಿ. ಒಂದು ಹುಲ್ಲಿನ ಎಸಳೂ ಇಲ್ಲ.

ಒಂದು ಸೂಜಿ ಎತ್ತಿಕೊಂಡು ಎರಡೂ ತುದಿ ಹಿಡಿದು ಎಳೆಯಿರಿ. ಟಕ್ ಎಂದು ಕೀಲಿನಲ್ಲಿ ಬಿಟ್ಟುಕೊಂಡಿತು. ಮತ್ತೆ ಎಳೆಯಿರಿ, ಇನ್ನೊಂದು ಕೀಲು. ಕೀಲಿನ ಸುತ್ತ ಕಣ್ಣಿಗೆ ಕಂಡೂ ಕಾಣದ ಹಲ್ಲುಗಳ ಉಂಗುರವಿದೆ, ಏಳೋ ಎಂಟೋ. ಗಾಳಿಮರದ ಎಲೆಗಳು ಆ ಹಲ್ಲುಗಳೇ. ನಾವು ಸೂಜಿ ಎನ್ನುವುದು ಹಸಿರು ರೆಂಬೆ. ಪೈನ್ ಮರದ ಹಾಗೆ ಕಂಡರೂ ಅದರ ಬಳಗಕ್ಕೆ ಸೇರಿದ್ದಲ್ಲ, ಇದು ಹೂ ಬಿಡುವ ಮರ. 1860ರ ದಶಕದಲ್ಲಿ ನಮ್ಮ ಕಾರವಾರದ ಕಡಲತೀರದಲ್ಲಿ ಉರುವಲಿಗೆಂದು ಇದನ್ನು ನೆಟ್ಟರು. ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುವುದರಿಂದ ಬರಿ ಮರಳಲ್ಲೂ ಬೆಳೆಯುತ್ತದೆ. ಹಾಗಿದ್ದೂ ಉದುರಿದ ಸೂಜಿ ಬೇಗ ಕರಗುವುದಿಲ್ಲ. ಗಟ್ಟಿ ನಾರು, ಟ್ಯಾನಿನ್ ಎರಡೂ ಅದರಲ್ಲಿ ಹೆಚ್ಚು.

ಅದಕ್ಕಾಗಿ ಇದನ್ನು ಬೇವಿನ ಗುಡ್ಡೆಗೆ ಬೆರೆಸುವುದಿಲ್ಲ. ಹಲ್ಲಿನ ರೇಕಿನಿಂದ ಮೇಲಿನ ಅರ್ಧವನ್ನಷ್ಟೇ ಎಳೆದು ಚೀಲಕ್ಕೆ ತುಂಬಿ, ಗಿಡಗಳ ನಡುವಿನ ಕಾಲುದಾರಿಗೆ ಹಾಸುತ್ತೇವೆ. ಎಲೆ ಹಾಸಿದರೆ ಒಂದು ಮಳೆಗಾಲದಲ್ಲಿ ಮಾಯ. ಸೂಜಿ ಎರಡು ವರ್ಷ ತಾಳುತ್ತದೆ, ಕಳೆ ಏಳಲು ಬಿಡುವುದಿಲ್ಲ, ಮಳೆಯಲ್ಲಿ ಕೆಸರು ಹಾರುವುದಿಲ್ಲ. ಬೇರೆ ಮರದ ಎಲೆ ಗಾಳಿಗೆ ಹಾರಿಹೋದರೂ ಇದು ಒಂದಕ್ಕೊಂದು ಹೆಣೆದುಕೊಂಡು ಕೂರುತ್ತದೆ. ಮಣ್ಣಿನ ಇಳಿಜಾರಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ನಾನು ನೋಡಿಲ್ಲ. ಒಂದೇ ಎಚ್ಚರ, ಒಣಗಿದ ಸೂಜಿಗೆ ಬೆಂಕಿ ಬಲುಬೇಗ ತಗಲುತ್ತದೆ. ಗ್ಯಾಸ್ ಸಿಲಿಂಡರ್ ಇಡುವ ಕಡೆ, ಟ್ರಾನ್ಸ್‌ಫಾರ್ಮರ್ ಪಕ್ಕ, ಮನೆಯ ಗೋಡೆಗೆ ಒರಗಿಸಿ ಇದನ್ನು ಒಟ್ಟಬಾರದು.

ನಿಜವಾದ ಪೈನ್ ಸೂಜಿಯ ಕಷ್ಟ ಕಾಣಬೇಕಿದ್ದರೆ ಉತ್ತರಾಖಂಡಕ್ಕೆ ಹೋಗಬೇಕು. ಅಲ್ಲಿ ಚೀಡ್ ಮರದ ಉದುರಿದ ಸೂಜಿಗೆ ಪಿರೂಲ್ ಎನ್ನುತ್ತಾರೆ, ಮೂರು ಮೂರರ ಗೊಂಚಲು. ಬೇಸಿಗೆಯಲ್ಲಿ ಗುಡ್ಡಕ್ಕೆ ಗುಡ್ಡವೇ ಅದನ್ನು ಹೊದ್ದು ಮಲಗುತ್ತದೆ, ಒಂದು ಬೀಡಿ ತುಂಡು ಬಿದ್ದರೆ ಸಾಕು. ಕುಮಾವೂಂ ಹಳ್ಳಿಗಳಲ್ಲಿ ಹೆಂಗಸರು ಅದನ್ನು ಹೊತ್ತು ತಂದು ದನದ ಕೊಟ್ಟಿಗೆಗೆ ಹಾಸುತ್ತಾರೆ, ನಮ್ಮ ಮಲೆನಾಡಿನವರಂತೆಯೇ. 2024ರ ಕಾಡ್ಗಿಚ್ಚಿನ ಬೇಸಿಗೆಯಲ್ಲಿ ಅಲ್ಲಿಯ ಸರ್ಕಾರ ಪಿರೂಲ್ ತಂದುಕೊಟ್ಟವರಿಗೆ ಕಿಲೋಗೆ 50 ರೂಪಾಯಿ ಕೊಡುವುದಾಗಿ ಸಾರಿತು. ಅಂಥ ಹಾಸು ಈ ಗೋಡೆಯಗುಂಟ ಇಷ್ಟೇ ಇಷ್ಟು ಇದೆ, ಒಂದು ರೇಕು ಸಾಕು.

ಮೂಗಿಗೆ ಬಂತೇ? ಹೂಂ, ರಸ್ತೆಯ ಆಚೆಯ ಖಾಲಿ ಸೈಟಿನಿಂದ. ಯಾರೋ ಗುಡಿಸಿ ಒಟ್ಟಿ ಕಡ್ಡಿ ಗೀರಿದ್ದಾರೆ. ಬೆಳಗಿನ ತಂಪು ಗಾಳಿ ಇನ್ನೂ ನೆಲಕ್ಕೆ ಅಂಟಿಕೊಂಡಿದೆ, ಹೊಗೆ ಮೇಲೆ ಏರುವುದಿಲ್ಲ. ಆಳೆತ್ತರದಲ್ಲೇ ಹರಡಿ ಶಾಲೆಯ ವ್ಯಾನು ಕಾಯುತ್ತ ನಿಂತ ಮಕ್ಕಳ ಮೇಲೆ ಹಾಯುತ್ತದೆ. ಹಸಿ ಎಲೆ ಬೆರೆತ ಗುಡ್ಡೆ ಉರಿಯುವುದಕ್ಕಿಂತ ಬೇಯುತ್ತದೆ. ಕಾರ್ಬನ್ ಮಾನಾಕ್ಸೈಡು, ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಕಣಗಳು ಎಲ್ಲವೂ ಆ ಬಿಳಿ ಹೊಗೆಯಲ್ಲಿವೆ. ಸಾರಜನಕವೂ ಇಂಗಾಲವೂ ಗಾಳಿಗೆ ಹೋಗಿ, ಕೊನೆಗೆ ಉಳಿಯುವುದು ಒಂದು ಹಿಡಿ ಬೂದಿ, ಒಂದಿಷ್ಟು ಸುಣ್ಣ, ಒಂದಿಷ್ಟು ಪೊಟ್ಯಾಷ್.

ಇದು ಕಾನೂನಿಗೂ ವಿರುದ್ಧ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ನಗರಗಳ ಕಸದ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2016ರ ಡಿಸೆಂಬರ್ 22ರಂದು ಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶದುದ್ದಕ್ಕೂ ನಿಷೇಧಿಸಿ, ಸಣ್ಣದಾಗಿ ಸುಟ್ಟರೆ 5,000, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ತೋಟದ ಕಸವನ್ನು ಬೇರೆಯಾಗಿ, ಅವರವರ ಆವರಣದಲ್ಲೇ ಇಟ್ಟುಕೊಳ್ಳಬೇಕೆಂದು ಹೇಳಿದವು. ಆದರೂ ದಂಡದ ಭಯದಿಂದ ಬೆಂಕಿ ನಿಲ್ಲುವುದನ್ನು ನಾನು ಕಂಡಿಲ್ಲ. ಎಲೆ ಎಲ್ಲಿಗೆ ಹಾಕಬೇಕು ಎಂಬ ಪ್ರಶ್ನೆಗೆ ಜಾಗ ತೋರಿಸಿದರೆ ಮಾತ್ರ ನಿಲ್ಲುತ್ತದೆ.

ಗೇಟಿನ ಹತ್ತಿರ ಪಕ್ಕದ ಮನೆಯ ಕರ್ನಲ್ ಸಾಹೇಬರು ನಿಂತಿದ್ದಾರೆ, ವಾಕಿಂಗ್ ಮುಗಿಸಿ ಬಂದವರು. ಸುಡುವುದು ಅವರಿಗೂ ಇಷ್ಟವಿಲ್ಲ. ಎಲೆಗುಡ್ಡೆ ಇಟ್ಟುಕೊಂಡರೆ ಹಾವು ಬರುತ್ತದೆ, ಸೊಳ್ಳೆ ಬರುತ್ತದೆ ಎಂಬ ಅಳುಕು. ಅಳುಕಿಗೆ ಕಾರಣವಿಲ್ಲ ಎನ್ನಲಾಗುವುದಿಲ್ಲ, ಈ ಭಾಗದಲ್ಲಿ ನಾಗರವೂ ಕೊಳಕುಮಂಡಲವೂ ಇವೆ. ಹಾವು ಬರುವುದು ಇಲಿಯ ಹಿಂದೆ, ಇಲಿ ಬರುವುದು ಅನ್ನದ ಹಿಂದೆ. ಆದ್ದರಿಂದ ಗುಡ್ಡೆಗೆ ಬೇಯಿಸಿದ ಅಡುಗೆ ಹಾಕುವುದಿಲ್ಲ. ಎಲೆಯ ರಾಶಿಗೆ ಬರಿಗೈ ಹಾಕುವುದಿಲ್ಲ, ಮೊದಲು ಕೋಲಿನಿಂದ ತಟ್ಟಿ ಆಮೇಲೆ ರೇಕು. ಹಾವು ಕಂಡರೆ ಹೊಡೆಯದೆ ದೂರ ನಿಂತು, ಹೈದರಾಬಾದಿನ ಫ್ರೆಂಡ್ಸ್ ಆಫ್ ಸ್ನೇಕ್ಸ್ ಸೊಸೈಟಿಯ ಸ್ವಯಂಸೇವಕರಿಗೆ ಫೋನ್ ಮಾಡಬೇಕು, ಬಂದು ಹಿಡಿದುಕೊಂಡು ಹೋಗುತ್ತಾರೆ. ಸೊಳ್ಳೆಗೆ ನಿಂತ ನೀರು ಬೇಕು. ತೇವದ ಎಲೆಯಲ್ಲಿ ಅದು ಮೊಟ್ಟೆ ಇಡುವುದಿಲ್ಲ. ತೆಂಗಿನ ಚಿಪ್ಪು, ಒಡೆದ ಕುಂಡ, ಬೋಗುಣಿಯಂತೆ ಬಾಗಿ ನೀರು ಹಿಡಿದ ಹಾಳೆ, ಇವನ್ನು ಆರಿಸಿ ತೆಗೆದರಾಯಿತು.

ಸಾಹೇಬರು ಪೂರಾ ಒಪ್ಪಿದಂತಿಲ್ಲ. ತಮ್ಮ ಕಾಂಪೌಂಡಿನಲ್ಲಿ ಗುಡ್ಡೆ ಬೇಡವೇ ಬೇಡ, ಚೀಲದಲ್ಲಿ ತುಂಬಿಸಿ ಕಳಿಸುತ್ತೇನೆ, ನೀವೇ ಇಟ್ಟುಕೊಳ್ಳಿ ಎನ್ನುತ್ತಾರೆ. ಅವ್ವ ಬಾರಿಗೆ ನಿಲ್ಲಿಸಿ ತೆಲುಗಿನಲ್ಲಿ ಅವರಿಗೂ, ಕನ್ನಡದಲ್ಲಿ ನನಗೂ ಹೇಳುತ್ತಾಳೆ: “ಕಳಸ್ರಿ ಅನ್ರಿ. ಖರೆ, ಪ್ಲಾಸ್ಟಿಕ್ ಕವರ ಕೂಡಿಸಿದ್ರ ನಾ ಇಳಿಸ್ಕೊಳ್ಳಂಗಿಲ್ಲ. ಗಾಜು ಗೀಜು ಇದ್ದರ ಕೈ ಕೊಯ್ತದ.”

ಬಿಸಿಲೇರುವ ಮೊದಲು ತಾರಸಿಗೆ ಹತ್ತೋಣ. ಎಲೆಯನ್ನು ಒಂದಿಷ್ಟೂ ಬಿಡಬಾರದ ಜಾಗ ಇದು. ಮೂಲೆಯ ಪೈಪಿನ ಬಾಯಿಯಲ್ಲಿ ಕೂತು ನೋಡಿ, ಜಾಲರಿಯ ಮೇಲೆ ಬೇವಿನ ತೊಟ್ಟು, ಗಾಳಿಮರದ ಸೂಜಿ, ಧೂಳು ಸೇರಿ ದಪ್ಪ ಪದರವಾಗಿದೆ. ಬೆರಳಿನಿಂದ ಎತ್ತಿದರೆ ಇಡಿಯಾಗಿ ಎದ್ದುಬರುತ್ತದೆ. ಏಪ್ರಿಲ್‌ನಲ್ಲಿ ಗುಡುಗು, ಆಲಿಕಲ್ಲಿನ ಜೊತೆ ಬರುವ ಒಂದು ಜೋರು ಮಳೆಗೆ ಇಷ್ಟು ಸಾಕು, ತಾರಸಿ ಕೆರೆಯಾಗುತ್ತದೆ. 2020ರ ಅಕ್ಟೋಬರ್ 13ರ ಮಳೆಗೆ ಹೈದರಾಬಾದಿನ ಬೇಗಂಪೇಟೆಯಲ್ಲಿ ಒಂದೇ ದಿನ 19 ಸೆಂಟಿಮೀಟರ್ ದಾಖಲಾಯಿತು. ಕೆರೆ ಒಡೆದು ಕಾಲೊನಿಗಳೇ ಮುಳುಗಿದ ಆ ರಾತ್ರಿಗೆ ಕಾರಣಗಳು ದೊಡ್ಡವು, ಒತ್ತುವರಿಯಾದ ನಾಲೆ, ಮುಚ್ಚಿದ ಕೆರೆ. ಆದರೆ ನಮ್ಮ ನಮ್ಮ ತಾರಸಿಯ ಪೈಪು, ಗೇಟಿನ ಮುಂದಿನ ಮೋರಿ ನಮ್ಮ ಕೈಯಲ್ಲೇ ಇವೆ. ಜಾಲರಿಯನ್ನು ಪೈಪಿನ ಬಾಯಿಗೆ ಸಮತಟ್ಟಾಗಿ ಇಡದೆ, ಗುಮ್ಮಟದಂತೆ ಬಾಗಿಸಿ ಇಡಿ. ಎಲೆ ಸುತ್ತ ಕೂತರೂ ಮೇಲಿನಿಂದ ನೀರು ಇಳಿಯುತ್ತದೆ.

ಇಲ್ಲಿಂದ ಕೆಳಗೆ ನೋಡಿ. ಗುಡಿಸದೆ ಬಿಟ್ಟ ಬೇವಿನ ಬುಡದಲ್ಲಿ ಹರಟೆಮಲ್ಲಗಳ ಗುಂಪು ಇಳಿದಿದೆ. ಒಂದೊಂದು ಎಲೆಯನ್ನೂ ಕೊಕ್ಕಿನಿಂದ ಹಿಡಿದು ಪಕ್ಕಕ್ಕೆ ಎಸೆದು ಹುಳ ಹುಡುಕುತ್ತಿವೆ, ಜಗಳವೂ ಆಗಿದೆ. ಗುಡಿಸಿ ಬೋಳಾಗಿಸಿದ ಆಚೆ ಮನೆಯ ಅಂಗಳಕ್ಕೆ ಅವು ಹೋಗುವುದಿಲ್ಲ.

ಕೊನೆಯ ಕೆಲಸ ಮಾವಿನ ಬುಡದಲ್ಲಿದೆ. ಹೋದ ವರ್ಷದ ಗೂಡಿನಿಂದ ಅವ್ವ ಗೊಬ್ಬರ ತೆಗೆದಿದ್ದಾಳೆ. ಎದೆಮಟ್ಟ ತುಂಬಿದ್ದು ಮೊಣಕಾಲಿಗೂ ಬರುವುದಿಲ್ಲ, ಕಪ್ಪು, ಉದುರು, ಕೆಟ್ಟ ವಾಸನೆಯೇ ಇಲ್ಲ. ಜರಡಿ ಹಿಡಿದರೆ ಮೇಲೆ ಉಳಿಯುವುದು ಕಡ್ಡಿ ಮತ್ತು ಗಾಳಿಮರದ ಕಾಯಿ, ಅವು ಹೊಸ ಗುಡ್ಡೆಗೆ ವಾಪಸು. ಗೊಬ್ಬರವನ್ನು ಕಾಂಡದಿಂದ ಒಂದು ಗೇಣು ದೂರ ಬಿಟ್ಟು ಸುತ್ತ ಹರಡಬೇಕು. ತಾಗಿಸಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ. ಅದರ ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ.

ಗಂಟೆ ಹತ್ತು, ಬಿಸಿಲು ಚುರುಕಾಗಿದೆ. ಇನ್ನೆರಡು ಚೀಲ ಎಲೆ ದಾಸವಾಳದ ಪಾತಿಗೆಂದು ಉಳಿದಿದೆ. ಈಗಲೇ ಹಾಸಿಬಿಡೋಣವೇ ಎಂದರೆ ಅವ್ವ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಬೇಡ ಎನ್ನುತ್ತಾಳೆ. ಸಂಜೆ ಮೊದಲು ಪಾತಿ ತುಂಬ ನೀರು ಬಿಡಬೇಕು, ಇಂಗಿದ ಮೇಲೆ ಹಾಸಬೇಕು. ಒಣ ನೆಲಕ್ಕೆ ಹಾಸಿದರೆ ಮೇಲೆ ಹಾಕಿದ ನೀರನ್ನೆಲ್ಲ ಎಲೆಯೇ ಕುಡಿಯುತ್ತದೆ, ಬೇರಿಗೆ ಇಳಿಯುವುದಿಲ್ಲ.